ನೋವಿನ ಸಾಕ್ಷಿ ಎಲ್ಲಿದೆ?

2022ರ ಮೊದಲ ಎರಡು ತಿಂಗಳಲ್ಲಿ ಎಂಡೊಮೆಟ್ರಿಯೋಸಿಸ್ ಕಾಯಿಲೆಯ ಬಗ್ಗೆ ಯುರೋಪಿನಿಂದ ಎರಡು ಸುದ್ದಿಗಳು ಬಂದವು. ಒಂದಿಷ್ಟು ಎಂಜಲನ್ನು ಪರೀಕ್ಷಿಸಿ ಈ ಕಾಯಿಲೆಯನ್ನು ಹೆಚ್ಚುಕಡಿಮೆ ತಪ್ಪಿಲ್ಲದೆ ಗುರುತಿಸಬಹುದು ಎಂದು ಜನವರಿ ಕೊನೆಯಲ್ಲಿ ಫ್ರಾನ್ಸಿನ ವೈದ್ಯರ ತಂಡವೊಂದು ಪ್ರಕಟಿಸಿತು. ಮರುತಿಂಗಳೇ ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಸಂಘ ‘ಎಶ್ರೆ’ ತನ್ನ ಹೊಸ ಮಾರ್ಗಸೂಚಿ ಹೊರತಂದಿತು. ರಕ್ತದಲ್ಲಾಗಲಿ, ಮುಟ್ಟಿನ ಸ್ರಾವದಲ್ಲಾಗಲಿ, ಗರ್ಭಕೋಶದ ಒಳಪದರದಲ್ಲಾಗಲಿ ಸಿಗುವ ಯಾವ ಜೈವಿಕ ಸೂಚಕವನ್ನೂ ಈ ಕಾಯಿಲೆಯ ನಿರ್ಣಯಕ್ಕೆ ಬಳಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಎರಡೂ ಹೊಣೆಯರಿತ ಮಾತುಗಳೇ. ಒಬ್ಬರು ‘ಸಿಕ್ಕಿತು’ ಎನ್ನುವಾಗಲೇ ಇನ್ನೊಬ್ಬರು ‘ಯಾವುದನ್ನೂ ನೆಚ್ಚಬೇಡಿ’ ಎಂದದ್ದು ಹೇಗೆ ಎಂದು ತಿಳಿಯಬೇಕಾದರೆ ಸುಮಾರು ನಲವತ್ತು ವರ್ಷಗಳ ಹುಡುಕಾಟವನ್ನು ತಿರುವಿ ನೋಡಬೇಕು. ಅಲ್ಲಿ ಸೂಚಕಗಳಿಗೆ ಬರವಿರಲಿಲ್ಲ. ಯಾರನ್ನು ಯಾರ ಪಕ್ಕದಲ್ಲಿಟ್ಟು ಅಳೆಯುತ್ತಿದ್ದೇವೆ ಎಂಬ ಪ್ರಶ್ನೆಗೆ ಮಾತ್ರ ಬಹುಕಾಲ ಸಲ್ಲಬೇಕಾದ ಗಮನ ಸಲ್ಲಲಿಲ್ಲ.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೇರೂರುವುದೇ ಎಂಡೊಮೆಟ್ರಿಯೋಸಿಸ್. ಅಂಡಾಶಯ, ಹೊಟ್ಟೆಯ ಒಳಹೊದಿಕೆ, ಕರುಳು ಮತ್ತು ಮೂತ್ರಕೋಶದ ಗೋಡೆ ಅದು ಸಾಮಾನ್ಯವಾಗಿ ನೆಲೆಯೂರುವ ಜಾಗಗಳು. ತಿಂಗಳ ಹಾರ್ಮೋನಿನ ಏರಿಳಿತಕ್ಕೆ ಅದೂ ಸ್ಪಂದಿಸುತ್ತದೆ. ಉರಿಯೂತವಾಗುತ್ತದೆ, ಗಾಯ ಮಾಯ್ದು ಗಡುಸಾಗುತ್ತದೆ, ಬೇರೆಬೇರೆಯಾಗಿರಬೇಕಾದ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದಲ್ಲಿ ಹಳೆಯ ರಕ್ತ ಕೂಡಿಕೊಂಡು ಕಂದುಬಣ್ಣಕ್ಕೆ ತಿರುಗಿದರೆ, ಸ್ಕ್ಯಾನಿಂಗ್ ನೋಡಿ ನಮ್ಮ ಸ್ತ್ರೀರೋಗ ತಜ್ಞರು ಹೇಳುವ ‘ಚಾಕೊಲೇಟ್ ಸಿಸ್ಟ್’ ಅದೇ. 1921ರಲ್ಲಿ ಈ ಸಿಸ್ಟ್‌ಗಳನ್ನು ವಿವರಿಸಿದವರು ಅಮೆರಿಕದ ಆಲ್ಬನಿಯ ವೈದ್ಯ ಜಾನ್ ಸ್ಯಾಂಪ್ಸನ್. ಮುಟ್ಟಿನ ರಕ್ತ ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹರಿದು ಹೊಟ್ಟೆಯೊಳಗೆ ಜೀವಕೋಶಗಳನ್ನು ಬಿತ್ತುತ್ತದೆ ಎಂಬ ವಾದವನ್ನು ಅವರೇ 1927ರಲ್ಲಿ ಮುಂದಿಟ್ಟರು. ಆ ವಾದಕ್ಕೆ ಇಂದಿಗೂ ಬೆಲೆಯಿದೆ, ಆದರೆ ಅದೊಂದೇ ಸಾಲದು. ಹಿಮ್ಮುಖ ಹರಿವು ಬಹುಪಾಲು ಹೆಣ್ಣುಮಕ್ಕಳಲ್ಲಿ ಆಗುತ್ತದೆ. ಕಾಯಿಲೆ ಬರುವುದು ಹತ್ತರಲ್ಲಿ ಒಬ್ಬರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 19 ಕೋಟಿ ಮಂದಿಗೆ ಈ ಕಾಯಿಲೆ ಇದೆ.

ಅವರಿಗೆ ತಮ್ಮ ಕಾಯಿಲೆಯ ಹೆಸರು ತಿಳಿಯಲು 4ರಿಂದ 12 ವರ್ಷ ಹಿಡಿಯುತ್ತದೆ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಆ ವರ್ಷಗಳಲ್ಲಿ ಏನಾಗುತ್ತದೆ ಎಂಬುದನ್ನು ಕನ್ನಡದ ಮನೆಗಳಿಗೆ ಬಿಡಿಸಿ ಹೇಳಬೇಕಿಲ್ಲ. ಬಿಸಿನೀರಿನ ಚೀಲ, ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆ, ಕಾಲೇಜಿಗೆ ತಿಂಗಳಿಗೆರಡು ದಿನ ಚಕ್ಕರ್. ‘ಎಲ್ಲರಿಗೂ ಆಗೋದೇ, ನಿನಗೊಬ್ಬಳಿಗೇನು?’ ಎಂಬ ಮಾತು. ಆಮೇಲೆ ‘ಮದುವೆ ಆದ್ರೆ ಸರಿಹೋಗುತ್ತೆ’, ಮದುವೆಯಾದ ಮೇಲೆ ‘ಒಂದು ಮಗು ಆಗಲಿ’. ಮಗು ಆಗದಿದ್ದಾಗಲೇ ಎಷ್ಟೋ ಮಂದಿ ಮೊದಲ ಬಾರಿಗೆ ಸರಿಯಾದ ತಪಾಸಣೆಗೆ ಒಳಗಾಗುವುದು. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಈ ನೋವು ನಿಜವೆಂದು ಸರ್ಕಾರಿ ಕಾಗದದಲ್ಲಿ ದಾಖಲಾದದ್ದು ಸಣ್ಣ ಸಂಗತಿಯಲ್ಲ. ಆದರೆ ಪ್ರತಿ ತಿಂಗಳೂ ಹಾಸಿಗೆ ಹಿಡಿಸುವಷ್ಟು ನೋವು ಏಕೆ ಬರುತ್ತಿದೆ ಎಂಬ ಪ್ರಶ್ನೆಗೆ ರಜೆಯಿಂದ ಉತ್ತರ ಸಿಗುವುದಿಲ್ಲ.

ಉತ್ತರಕ್ಕೆ ದಶಕಗಳಿಂದ ಇದ್ದ ದಾರಿ ಲ್ಯಾಪರೊಸ್ಕೋಪಿ. ಅರಿವಳಿಕೆ ಕೊಟ್ಟು, ಹೊಕ್ಕುಳ ಬಳಿ ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಇಳಿಸಿ ಕಣ್ಣಾರೆ ನೋಡುವುದು. ನೋವಿನ ಕಾರಣ ತಿಳಿಯಲು ಶಸ್ತ್ರಚಿಕಿತ್ಸೆಯನ್ನೇ ಮಾಡಬೇಕೆಂದರೆ ಹದಿನಾರರ ಹುಡುಗಿಯ ತಾಯ್ತಂದೆಯರು ಹಿಂಜರಿಯುವುದು ಸಹಜ, ವೈದ್ಯರೂ ಹಿಂಜರಿಯುತ್ತಾರೆ. ಕಣ್ಣಾರೆ ಕಂಡದ್ದೂ ಪರಮ ಪ್ರಮಾಣವೇನಲ್ಲ. ಕ್ಯಾಮೆರಾದಲ್ಲಿ ಕಂಡದ್ದನ್ನು ಬಯಾಪ್ಸಿಯೊಂದಿಗೆ ತಾಳೆ ನೋಡಿದ ಅಧ್ಯಯನಗಳನ್ನೆಲ್ಲ 2004ರಲ್ಲಿ ಒಟ್ಟುಗೂಡಿಸಿದಾಗ, ಲ್ಯಾಪರೊಸ್ಕೋಪಿ ಕಾಯಿಲೆಯಿದ್ದವರಲ್ಲಿ 94%ರಷ್ಟು ಮಂದಿಯನ್ನು ಹಿಡಿಯುತ್ತದೆ, ಕಾಯಿಲೆಯಿಲ್ಲದವರಲ್ಲಿ 79%ರಷ್ಟು ಮಂದಿಯನ್ನು ಮಾತ್ರ ಸರಿಯಾಗಿ ಬಿಟ್ಟುಕೊಡುತ್ತದೆ ಎಂದು ತಿಳಿದುಬಂತು. ಹೊಸ ಪರೀಕ್ಷೆ ಯಾವುದೇ ಬರಲಿ, ಅದು ಸರಿಯೋ ತಪ್ಪೋ ಎಂದು ಒರೆಹಚ್ಚುವುದು ಇದೇ ಕಲ್ಲಿಗೆ. ಒರೆಗಲ್ಲೇ ಅಷ್ಟಿಷ್ಟು ಸವೆದಿರುವಾಗ ಹೊಸ ಪರೀಕ್ಷೆಯ ಬೆಲೆ ಕಟ್ಟುವ ಕೆಲಸ ಆರಂಭದಲ್ಲೇ ತೊಡಕಾಗುತ್ತದೆ.

ಸ್ಕ್ಯಾನಿಂಗ್ ಕೆಲವು ಮಟ್ಟಿಗೆ ಆ ಹೊರೆ ಇಳಿಸಿದೆ. ಅನುಭವಿ ಕೈಗಳಲ್ಲಿ ಯೋನಿಮಾರ್ಗದ ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಚಾಕೊಲೇಟ್ ಸಿಸ್ಟ್‌ಗಳನ್ನೂ ಕರುಳಿನ ಗೋಡೆಗೆ ಆಳವಾಗಿ ಇಳಿದ ಗಂಟುಗಳನ್ನೂ ಚೆನ್ನಾಗಿ ತೋರಿಸುತ್ತವೆ. ಹಾಗಾಗಿಯೇ ಎಶ್ರೆ 2022ರಲ್ಲಿ ಲ್ಯಾಪರೊಸ್ಕೋಪಿಯನ್ನು ಅದರ ಏಕಮಾತ್ರ ಪ್ರಮಾಣದ ಪೀಠದಿಂದ ಇಳಿಸಿತು. ಸ್ಕ್ಯಾನಿಂಗ್‌ಗೆ ಸಿಗದೆ ಉಳಿಯುವುದು ಹೊಟ್ಟೆಯ ಒಳಹೊದಿಕೆಯ ಮೇಲೆ ಅಲ್ಲಲ್ಲಿ ಚದುರಿದ ಸಣ್ಣ, ತೆಳು ಮಚ್ಚೆಗಳು. ಮಚ್ಚೆ ಸಣ್ಣದೆಂದು ನೋವು ಸಣ್ಣದಾಗುವುದಿಲ್ಲ. ಒಂದರಿಂದ ನಾಲ್ಕರವರೆಗೆ ಹಂತ ಎಣಿಸುವ ಪದ್ಧತಿಗೂ ರೋಗಿ ಅನುಭವಿಸುವ ನೋವಿಗೂ ನೇರ ಸಂಬಂಧವಿಲ್ಲ ಎಂಬುದು ಈ ಕಾಯಿಲೆಯ ಹಳೆಯ ಒಗಟು. ಅಂದರೆ ರಕ್ತ ಅಥವಾ ಎಂಜಲಿನ ಪರೀಕ್ಷೆ ನಿಜವಾಗಿ ಬೇಕಾಗಿರುವುದು ‘ಸ್ಕ್ಯಾನಿಂಗ್ ನಾರ್ಮಲ್ ಇದೆ’ ಎಂಬ ವರದಿ ಹಿಡಿದು ನೋವಿನೊಂದಿಗೆ ಮನೆಗೆ ಮರಳುವವಳಿಗೆ. ಈ ಹುಡುಕಾಟದ ಪ್ರತಿಯೊಂದು ಪರೀಕ್ಷೆಯನ್ನೂ ಆಕೆಯನ್ನು ಎದುರಿಗಿಟ್ಟುಕೊಂಡೇ ಅಳೆಯಬೇಕು.

ಹುಡುಕಾಟದ ಮೊದಲ ನಾಯಕ ಸಿಎ-125. 1980ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಬ್ಯಾಸ್ಟ್ ಮತ್ತು ಸಂಗಡಿಗರು ಅಂಡಾಶಯದ ಕ್ಯಾನ್ಸರ್‌ಗಾಗಿ ಕಂಡುಹಿಡಿದ ಸೂಚಕ ಇದು. ರಕ್ತದ ಪ್ರತಿ ಮಿಲಿಲೀಟರಿನಲ್ಲಿ 35 ಯೂನಿಟ್ ದಾಟಿದರೆ ಹೆಚ್ಚು ಎಂದು ಲೆಕ್ಕ. ಎಂಡೊಮೆಟ್ರಿಯೋಸಿಸ್ ತೀವ್ರವಾಗಿರುವವರಲ್ಲೂ ಅದು ಏರುತ್ತದೆ ಎಂದು 1986ರ ಹೊತ್ತಿಗೆ ಕಂಡುಬಂದಾಗ ದೊಡ್ಡ ಆಸೆ ಹುಟ್ಟಿತು. ಹನ್ನೆರಡು ವರ್ಷಗಳ ನಂತರ, 1998ರಲ್ಲಿ, ನೆದರ್‌ಲೆಂಡ್ಸಿನ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಕೂಡಿಸಿ ಲೆಕ್ಕ ಹಾಕಿದರು. ಆರೋಗ್ಯವಂತರಲ್ಲಿ 90% ಮಂದಿಯನ್ನು ಸರಿಯಾಗಿ ಬಿಡಬೇಕು ಎಂದು ಗೆರೆ ಎಳೆದರೆ, ಕಾಯಿಲೆಯಿದ್ದವರಲ್ಲಿ ಈ ಪರೀಕ್ಷೆಗೆ ಸಿಕ್ಕಿಬೀಳುವವರು 28% ಮಾತ್ರ. ನಾಲ್ವರಲ್ಲಿ ಮೂವರು ಹತ್ತಿರಹತ್ತಿರ ಕೈತಪ್ಪಿ ಹೋಗುತ್ತಾರೆ. ಅದರಲ್ಲೂ ತಪ್ಪಿಹೋಗುವವರು ಆರಂಭದ ಹಂತದವರು. ಸಿಗುವವರು ಸ್ಕ್ಯಾನಿಂಗ್‌ನಲ್ಲೇ ಕಾಣುವಷ್ಟು ಬೆಳೆದ ಸಿಸ್ಟ್ ಇರುವವರು.

ಇನ್ನೊಂದು ಬದಿಯಲ್ಲಿ ಸಿಎ-125 ಬೇರೆ ಹಲವು ಕಾರಣಗಳಿಗೂ ಏರುತ್ತದೆ. ಮುಟ್ಟಿನ ದಿನಗಳಲ್ಲಿ, ಬಸುರಿನಲ್ಲಿ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳಿದ್ದರೆ, ಲಿವರ್ ಕೆಟ್ಟಿದ್ದರೆ, ಕಿಬ್ಬೊಟ್ಟೆಯ ಸೋಂಕಿದ್ದರೆ. ಹೊಟ್ಟೆಯ ಕ್ಷಯರೋಗದಲ್ಲಂತೂ ನೂರಾರು ಯೂನಿಟ್‌ಗೆ ಹಾರಬಹುದು. ಪಶ್ಚಿಮದ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿಗೆ ಮುಗಿಯುವ ಈ ವಿಷಯ ನಮ್ಮ ದೇಶದಲ್ಲಿ ದೊಡ್ಡ ಸಂಗತಿ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದವರು, ಜನನಾಂಗದ ಟಿಬಿ ಇಲ್ಲಿ ಬಂಜೆತನದ ಗುರುತರ ಕಾರಣಗಳಲ್ಲೊಂದು. ಹೊಟ್ಟೆನೋವು, ಮಗುವಾಗದಿರುವುದು, ಏರಿದ ಸಿಎ-125: ಮೂರೂ ಕೂಡಿ ಬಂದಾಗ ಅದು ಎಂಡೊಮೆಟ್ರಿಯೋಸಿಸ್ ಆಗಿರಬಹುದು, ಟಿಬಿಯೂ ಆಗಿರಬಹುದು. ಒಂದಕ್ಕೆ ಹಾರ್ಮೋನ್, ಇನ್ನೊಂದಕ್ಕೆ ತಿಂಗಳುಗಟ್ಟಲೆ ಆಂಟಿಬಯಾಟಿಕ್. ಅದಲುಬದಲಾದರೆ ನಷ್ಟ ಅವಳದು.

ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2017ರಲ್ಲೇ ಎಂಡೊಮೆಟ್ರಿಯೋಸಿಸ್ ನಿರ್ಣಯಕ್ಕೆ ಸಿಎ-125 ಬಳಸಬೇಡಿ ಎಂದು ಹೇಳಿತು. ಅದರ ಜೊತೆಗೇ ಹೇಳಿದ ಇನ್ನೊಂದು ಮಾತು ಇನ್ನಷ್ಟು ಉಪಯುಕ್ತ: ವರದಿ ನಾರ್ಮಲ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದುಕೊಳ್ಳಬೇಡಿ.

ಸಿಎ-125 ಕೈಕೊಟ್ಟ ಮೇಲೆ ಹುಡುಕಾಟ ನಾಲ್ಕೂ ಕಡೆಗೆ ಹರಡಿತು. ಉರಿಯೂತದ ಪ್ರೋಟೀನ್‌ಗಳು, ಹೊಸ ರಕ್ತನಾಳ ಹುಟ್ಟಿಸುವ ಅಂಶಗಳು, ಪ್ರತಿಕಾಯಗಳು, ಗರ್ಭಕೋಶದ ಪದರದಿಂದ ಸ್ರವಿಸುವ ಗ್ಲೈಕೊಡೆಲಿನ್ ಹೀಗೆ ಒಂದರ ಹಿಂದೊಂದು ಹೆಸರು ಬಂತು. 2010ರ ಸಮೀಕ್ಷೆಯೊಂದು ಎಣಿಸಿದಾಗಲೇ ನೂರಕ್ಕಿಂತ ಹೆಚ್ಚು ಅಭ್ಯರ್ಥಿಗಳಿದ್ದವು. 2016ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆ ರಕ್ತದ ಸೂಚಕಗಳನ್ನಷ್ಟೇ ತೆಗೆದುಕೊಂಡು ಜರಡಿ ಹಿಡಿಯಿತು: 141 ಅಧ್ಯಯನಗಳು, 15,141 ಮಹಿಳೆಯರು, 122 ಸೂಚಕಗಳು. ಲ್ಯಾಪರೊಸ್ಕೋಪಿಯ ಜಾಗಕ್ಕೆ ಬರಬೇಕಾದರೆ ಕನಿಷ್ಠ ಅದರಷ್ಟೇ ಸಮರ್ಥವಾಗಿರಬೇಕು ಎಂದು ಮೊದಲೇ ಮಟ್ಟ ಗೊತ್ತುಮಾಡಿಕೊಂಡಿದ್ದರು. ಸಂಶೋಧನೆಯ ಆಚೆಗೆ, ದಿನನಿತ್ಯದ ಆಸ್ಪತ್ರೆಯಲ್ಲಿ ಬಳಸಿ ಎಂದು ಶಿಫಾರಸು ಮಾಡಬಹುದಾದದ್ದು ಒಂದೂ ಉಳಿಯಲಿಲ್ಲ. ಮೂತ್ರದ ಸೂಚಕಗಳ ಕತೆ ಇನ್ನೂ ಬಡವಾದದ್ದು. 8 ಅಧ್ಯಯನಗಳು, 646 ಮಂದಿ, ಅಷ್ಟೇ.

ಇಷ್ಟೊಂದು ಶ್ರಮ ಹೀಗೇಕಾಯಿತು? ಕಾಯಿಲೆಯ ಸ್ವಭಾವವೇ ಮೊದಲ ಅಡ್ಡಿ. ಒಂದೇ ಹೆಸರಿನಡಿ ಹೊದಿಕೆಯ ಮೇಲಿನ ಮಚ್ಚೆ, ಅಂಡಾಶಯದ ಸಿಸ್ಟ್, ಆಳಕ್ಕಿಳಿದ ಗಂಟು ಎಂಬ ಮೂರು ಬೇರೆಬೇರೆ ವರ್ತನೆಯ ರೋಗಗಳಿವೆ. ಮೂರನ್ನೂ ಒಂದೇ ಪ್ರೋಟೀನ್ ಬಯಲುಮಾಡಲಿ ಎಂದು ಬಯಸುವುದು ದುಬಾರಿ ಆಸೆ. ಎರಡನೆಯದು ತಿಂಗಳ ಚಕ್ರ. ರಕ್ತ ತೆಗೆದದ್ದು ಮುಟ್ಟಿನ ಐದನೇ ದಿನವೋ ಇಪ್ಪತ್ತನೇ ದಿನವೋ ಎಂಬುದರ ಮೇಲೆ ಹಲವು ಸೂಚಕಗಳ ಮಟ್ಟ ಬದಲಾಗುತ್ತದೆ. ಆಕೆ ಹಾರ್ಮೋನ್ ಮಾತ್ರೆ ನುಂಗುತ್ತಿದ್ದರೆ ಇನ್ನೂ ಬೇರೆ. ತೆಗೆದ ರಕ್ತವನ್ನು ಎಷ್ಟು ಹೊತ್ತಿನಲ್ಲಿ ಶೈತ್ಯಕ್ಕೆ ಸೇರಿಸಿದರು, ಯಾವ ಕೊಳವೆಯಲ್ಲಿ ತೆಗೆದರು ಎಂಬ ಸಣ್ಣ ಸಂಗತಿಗಳೂ ಫಲಿತಾಂಶವನ್ನು ಆಚೀಚೆ ತಳ್ಳುತ್ತವೆ. ಪ್ರಯೋಗಾಲಯಗಳು ತಂತಮ್ಮ ಪದ್ಧತಿಯಲ್ಲಿ ಮಾಡುತ್ತಿದ್ದ ಈ ಕೆಲಸಕ್ಕೆಲ್ಲ ಏಕರೂಪದ ನಿಯಮಾವಳಿ ಬಂದದ್ದು 2014ರಲ್ಲಿ, ವಿಶ್ವ ಎಂಡೊಮೆಟ್ರಿಯೋಸಿಸ್ ಸಂಶೋಧನಾ ಪ್ರತಿಷ್ಠಾನದ ಪ್ರಯತ್ನದಿಂದ. ಅದಕ್ಕೆ ಮುಂಚಿನ ಬಹಳಷ್ಟು ದತ್ತಾಂಶವನ್ನು ಒಂದಕ್ಕೊಂದು ಕೂಡಿಸುವುದೇ ಕಷ್ಟ.

ಆದರೆ ಎಲ್ಲಕ್ಕಿಂತ ದೊಡ್ಡ ತಪ್ಪು ಹೋಲಿಕೆಯ ಗುಂಪಿನಲ್ಲಿ ನಡೆಯಿತು. ಒಂದು ಕಡೆ ಕಾಯಿಲೆ ಬಲಿತ ಮಹಿಳೆಯರು, ಇನ್ನೊಂದು ಕಡೆ ಯಾವ ನೋವೂ ಇಲ್ಲದ ಆರೋಗ್ಯವಂತರು. ಇವರಿಬ್ಬರ ರಕ್ತದಲ್ಲಿ ವ್ಯತ್ಯಾಸ ಕಾಣುವುದು ಆಶ್ಚರ್ಯವೇನಲ್ಲ. ತೊಗರಿಬೇಳೆಯಿಂದ ಕಲ್ಲು ಆರಿಸುವುದು ಸುಲಭ; ತೊಗರಿಬೇಳೆಯಿಂದ ಕಡಲೆಬೇಳೆ ಆರಿಸುವಾಗ ಕಣ್ಣು ಸೋಲುತ್ತದೆ. ಆಸ್ಪತ್ರೆಗೆ ಬರುವವರೆಲ್ಲ ನೋವಿದ್ದವರೇ. ಅವರಲ್ಲಿ ಯಾರ ನೋವು ಎಂಡೊಮೆಟ್ರಿಯೋಸಿಸ್‌ನದು, ಯಾರದು ಕರುಳಿನದು, ಯಾರದು ಸೋಂಕಿನದು ಎಂದು ಬೇರ್ಪಡಿಸುವುದು ನಿಜವಾದ ಕೆಲಸ.

ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು ಎಂಬ ಕಾರಣಕ್ಕೆ ಬೆಲ್ಜಿಯಮ್ಮಿನ ಲ್ಯೂವೆನ್ನಿನ ತಂಡವನ್ನು ನೆನಪಿನಲ್ಲಿಡಬೇಕು. 2012ರಲ್ಲಿ ಅವರು 353 ಪ್ಲಾಸ್ಮಾ ಮಾದರಿಗಳಲ್ಲಿ 28 ಸೂಚಕಗಳನ್ನು ಅಳೆದು, ಅಲ್ಟ್ರಾಸೌಂಡ್‌ನಲ್ಲಿ ಏನೂ ಕಾಣದವರಲ್ಲಿ ಕಾಯಿಲೆ ಹಿಡಿಯಬಲ್ಲ ನಾಲ್ಕರ ಗುಂಪುಗಳನ್ನು ಆರಿಸಿದರು. ಸಿಕ್ಕ ಅಂಕಿ ಸಾಧಾರಣ: ಕಾಯಿಲೆಯಿದ್ದವರಲ್ಲಿ 81-90% ಸಿಕ್ಕರು, ಇಲ್ಲದವರಲ್ಲಿ 63-81% ಸರಿಯಾಗಿ ಹೊರಗುಳಿದರು. ಸರಿಯಾದ ಪ್ರಶ್ನೆಗೆ ಸಿಕ್ಕ ಸಾಧಾರಣ ಉತ್ತರಕ್ಕೆ, ತಪ್ಪು ಪ್ರಶ್ನೆಗೆ ಸಿಕ್ಕ ಹೊಳೆಯುವ ಉತ್ತರಕ್ಕಿಂತ ಹೆಚ್ಚು ಬೆಲೆಯಿದೆ. ಆಸ್ಟ್ರೇಲಿಯಾದ ಪರ್ತ್ ನಗರದ ಕಂಪನಿಯೊಂದು ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರೊಂದಿಗೆ ಇತ್ತೀಚೆಗೆ ಪ್ರಕಟಿಸಿದ ಹತ್ತು ಪ್ರೋಟೀನ್‌ಗಳ ರಕ್ತಪರೀಕ್ಷೆಯಲ್ಲೂ ಇದೇ ಪಾಠ ಮತ್ತೆ ಕಂಡಿತು. ಎಂಟುನೂರಕ್ಕೂ ಹೆಚ್ಚು ಮಂದಿಯನ್ನು ಒಳಗೊಂಡ ಆ ಅಧ್ಯಯನದಲ್ಲಿ ಆರೋಗ್ಯವಂತರ ಎದುರು ಪರೀಕ್ಷೆ ಪರಿಪೂರ್ಣಕ್ಕೆ ಹತ್ತಿರವಾಗಿತ್ತು. ನೋವಿದ್ದೂ ಈ ಕಾಯಿಲೆಯಿಲ್ಲದವರ ಎದುರು ಇಟ್ಟಾಗ ಅದರ ಸಾಮರ್ಥ್ಯ ಸ್ಪಷ್ಟವಾಗಿ ಇಳಿಯಿತು. ಎರಡೂ ಅಂಕಿಗಳನ್ನು ಮುಚ್ಚಿಡದೆ ಕೊಟ್ಟದ್ದು ಆ ಸಂಶೋಧಕರ ಒಳ್ಳೆಯತನ. ಪತ್ರಿಕೆಗಳ ತಲೆಬರಹಕ್ಕೆ ಏರಿದ್ದು ಮಾತ್ರ ಮೊದಲನೆಯದು.

ಒಂದು ದಾರಿ ಬಹಳ ಭರವಸೆ ಹುಟ್ಟಿಸಿ ಮುಚ್ಚಿಹೋಯಿತು. 2006ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಇಯಾನ್ ಫ್ರೇಸರ್ ಅವರ ತಂಡ, ಈ ಕಾಯಿಲೆಯಿರುವವರ ಗರ್ಭಕೋಶದ ಒಳಪದರದ ಮೇಲ್ಭಾಗದಲ್ಲಿ ಸೂಕ್ಷ್ಮ ನರತಂತುಗಳಿವೆ, ಉಳಿದವರಲ್ಲಿ ಇಲ್ಲ ಎಂದು ತೋರಿಸಿತು. ನೋವಿಗೂ ನರಕ್ಕೂ ಇರುವ ನಂಟಿನಿಂದಾಗಿ ಎಲ್ಲರ ಮನಸ್ಸಿಗೂ ಇದು ಒಪ್ಪಿತು. ಅರಿವಳಿಕೆಯಿಲ್ಲದೆ ಹೊರರೋಗಿ ವಿಭಾಗದಲ್ಲೇ ಪದರದ ಚೂರು ತೆಗೆಯಬಹುದಾದ್ದರಿಂದ ಅನುಕೂಲವೂ ಇತ್ತು. 2009ರಲ್ಲಿ 99 ಮಹಿಳೆಯರ ಮೇಲೆ ನಡೆದ ಅಧ್ಯಯನ 98% ರೋಗಿಗಳನ್ನು ಹಿಡಿದ ಲೆಕ್ಕ ಕೊಟ್ಟಿತು. ಆಮೇಲೆ ಬೇರೆ ಊರುಗಳ ಪ್ರಯೋಗಾಲಯಗಳು ಅದನ್ನೇ ಮಾಡಲು ಹೊರಟಾಗ, ಕಾಯಿಲೆಯಿಲ್ಲದವರಲ್ಲೂ ನರತಂತು ಕಂಡವು. 2013ರ ನಂತರದ ಕೆಲವು ವರದಿಗಳಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸವೇ ಉಳಿಯಲಿಲ್ಲ. ವಿಜ್ಞಾನ ಹೀಗೆ ತನ್ನನ್ನು ತಾನು ತಿದ್ದಿಕೊಳ್ಳುವುದು ಸರಿಯೇ. ಆದರೆ ಆ ನಡುವಿನ ಏಳೆಂಟು ವರ್ಷ ಆಸೆಯಿಂದ ಕಾದವರನ್ನು ಮರೆಯಲಾಗದು. ಗರ್ಭಕೋಶದ ಅದೇ ಪದರದಲ್ಲಿ ನರತಂತುವಿನ ಬದಲು ಬಿಸಿಎಲ್6 ಎಂಬ ಪ್ರೋಟೀನನ್ನು ಅಳೆಯುವ ಪರೀಕ್ಷೆ ಅಮೆರಿಕದಲ್ಲಿ ಈಗಾಗಲೇ ಮಾರುಕಟ್ಟೆಯಲ್ಲಿದೆ, ಮುಖ್ಯವಾಗಿ ಐವಿಎಫ್ ವಿಫಲವಾದವರಿಗಾಗಿ.

ಈಗ ಫ್ರಾನ್ಸಿನ ಎಂಜಲಿನ ಪರೀಕ್ಷೆಗೆ ಬರಬಹುದು. ಅದು ಹುಡುಕುವುದು ಪ್ರೋಟೀನನ್ನಲ್ಲ, ಮೈಕ್ರೊ ಆರ್‌ಎನ್‌ಎ ಎಂಬ ಇಪ್ಪತ್ತು ಚಿಲ್ಲರೆ ಅಕ್ಷರಗಳ ತುಣುಕುಗಳನ್ನು. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಎಂದು ಹತೋಟಿಯಲ್ಲಿಡುವ ಈ ತುಣುಕುಗಳನ್ನು ಕಂಡುಹಿಡಿದದ್ದಕ್ಕೆ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ನೊಬೆಲ್ ಬಂತು. ರಕ್ತ, ಎಂಜಲುಗಳಲ್ಲಿ ಬೇಗ ಕೆಡದೆ ಉಳಿಯುವುದು ಇವುಗಳ ದೊಡ್ಡ ಗುಣ. ಫ್ರೆಂಚ್ ತಂಡ ಮಾನವರಲ್ಲಿ ತಿಳಿದಿರುವ ಸುಮಾರು 2,600 ಮೈಕ್ರೊ ಆರ್‌ಎನ್‌ಎಗಳನ್ನು ಒಟ್ಟಿಗೆ ಓದಿ, ಯಂತ್ರಕಲಿಕೆಯ ಮೂಲಕ 109ರ ಒಂದು ವಿನ್ಯಾಸವನ್ನು ಹೆಕ್ಕಿತು. 200 ಮಹಿಳೆಯರಲ್ಲಿ ಅದು 96.7% ರೋಗಿಗಳನ್ನು ಹಿಡಿಯಿತು, ಕಾಯಿಲೆಯಿಲ್ಲದ ಒಬ್ಬರನ್ನೂ ತಪ್ಪಾಗಿ ರೋಗಿಯೆನ್ನಲಿಲ್ಲ. ಇಷ್ಟು ಚೆನ್ನಾದ ಅಂಕಿ ಕಂಡಾಗ ಅನುಭವಿಗಳು ಮೊದಲು ಕೇಳುವುದು, ಕಲಿಸಿದ್ದೂ ಪರೀಕ್ಷಿಸಿದ್ದೂ ಒಂದೇ ಗುಂಪಿನ ಮೇಲೆಯೇ ಎಂದು. ಹೌದು, ಆ ಮೊದಲ ಸಲ ಹಾಗೆಯೇ ಆಗಿತ್ತು. ಎಶ್ರೆಯ ಎಚ್ಚರಿಕೆ ಎಷ್ಟು ಸಕಾರಣವಾದದ್ದು ಎಂಬುದು ಇಲ್ಲಿ ತಿಳಿಯುತ್ತದೆ.

ಹಿಂದಿನ ಹಲವರಂತೆ ಈ ತಂಡ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಗಮನಾರ್ಹ. ಹಲವು ಆಸ್ಪತ್ರೆಗಳ, ಹೊಸ 200 ಮಹಿಳೆಯರ ಮೇಲೆ ಪರೀಕ್ಷಿಸಿ 2023ರಲ್ಲಿ ಮಧ್ಯಂತರ ಫಲಿತಾಂಶ ಕೊಟ್ಟಿತು: ಕಾಯಿಲೆಯಿದ್ದವರಲ್ಲಿ 96.2% ಸಿಕ್ಕರು, ಇಲ್ಲದವರಲ್ಲಿ 95.1% ಸರಿಯಾಗಿ ಹೊರಗುಳಿದರು. ಎರಡೂ ಬಾರಿ ಹೋಲಿಕೆಗೆ ತೆಗೆದುಕೊಂಡದ್ದು ಆರೋಗ್ಯವಂತರನ್ನಲ್ಲ, ನೋವಿದ್ದು ಕಾಯಿಲೆಯಿಲ್ಲದವರನ್ನು. ನಲವತ್ತು ವರ್ಷಗಳ ಪಾಠ ಇಲ್ಲಿ ಫಲಕೊಟ್ಟಿದೆ.

ಹಾಗಿದ್ದರೆ ನಾಳೆಯೇ ಎಲ್ಲ ಹುಡುಗಿಯರಿಗೂ ಈ ಪರೀಕ್ಷೆ ಮಾಡಿಸಬಹುದೇ? ಒಂದು ಲೆಕ್ಕ ಹಾಕಿ ನೋಡಬೇಕು. ಎರಡೂ ಕಡೆ 95% ಸರಿಯಾಗಿರುವ ಪರೀಕ್ಷೆಯಿದೆ ಎಂದುಕೊಳ್ಳೋಣ. ಹತ್ತರಲ್ಲಿ ಒಬ್ಬರಿಗೆ ಕಾಯಿಲೆಯಿರುವ ಸಾವಿರ ಹುಡುಗಿಯರಲ್ಲಿ ಅದು 95 ರೋಗಿಗಳನ್ನು ಹಿಡಿಯುತ್ತದೆ. ಉಳಿದ 900 ಮಂದಿಯಲ್ಲಿ 45 ಮಂದಿಗೆ ಇಲ್ಲದ ಕಾಯಿಲೆಯ ಹಣೆಪಟ್ಟಿ ಹಚ್ಚುತ್ತದೆ. ‘ಇದೆ’ ಎಂದು ವರದಿ ಬಂದವರಲ್ಲಿ ಮೂವರಿಗೊಬ್ಬರು ಸುಮ್ಮನೆ ಹೆದರಿದವರು. ಅದೇ ಪರೀಕ್ಷೆ ದೊಡ್ಡ ತಜ್ಞ ಆಸ್ಪತ್ರೆಗೆ ಬಂದಾಗ ಚಿತ್ರ ತಿರುಗುಮುರುಗಾಗುತ್ತದೆ. ಫ್ರೆಂಚ್ ಅಧ್ಯಯನದ ಮಧ್ಯಂತರ ಗುಂಪಿನಲ್ಲಿ ಸುಮಾರು 80% ಮಂದಿಗೆ ಕಾಯಿಲೆಯಿತ್ತು. ಅಂಥ 200 ಮಂದಿಯಲ್ಲಿ 160 ರೋಗಿಗಳಿದ್ದರೆ 152 ಮಂದಿ ಸಿಗುತ್ತಾರೆ, ತಪ್ಪಾಗಿ ಸಿಗುವವರು ಇಬ್ಬರೇ. ಆದರೆ ‘ಇಲ್ಲ’ ಎಂಬ ವರದಿ ಪಡೆದ 46 ಮಂದಿಯಲ್ಲಿ ಎಂಟು ಮಂದಿಗೆ ನಿಜವಾಗಿ ಕಾಯಿಲೆಯಿರುತ್ತದೆ. ವರ್ಷಗಟ್ಟಲೆ ‘ನಿನಗೇನೂ ಇಲ್ಲ’ ಎಂದೇ ಕೇಳಿ ಬಂದ ಈ ಎಂಟು ಮಂದಿಗೆ ಈಗ ಯಂತ್ರವೂ ಅದನ್ನೇ ಹೇಳಿದಂತಾಯಿತು. ಈ ತೊಂದರೆಯನ್ನು ಯಾವ ಶೇಕಡಾವಾರು ಅಂಕಿಯೂ ಮೇಲ್ನೋಟಕ್ಕೆ ತೋರಿಸುವುದಿಲ್ಲ.

ಫ್ರಾನ್ಸಿನ ಆರೋಗ್ಯ ಪ್ರಾಧಿಕಾರ ಈ ವಿಷಯದಲ್ಲಿ ತಾಳ್ಮೆಯ ದಾರಿ ಹಿಡಿದದ್ದು ಮೆಚ್ಚುವಂಥದ್ದು. ಪರೀಕ್ಷೆ ಭರವಸೆಯದು, ಆದರೆ ಅದರಿಂದ ರೋಗಿಗೆ ಆಗುವ ಲಾಭ ಇನ್ನೂ ಸಾಬೀತಾಗಬೇಕು ಎಂದು 2024ರ ಜನವರಿಯಲ್ಲಿ ಅದು ಹೇಳಿತು. ಲಕ್ಷಣಗಳಿದ್ದೂ ವೈದ್ಯಕೀಯ ತಪಾಸಣೆ, ಸ್ಕ್ಯಾನಿಂಗ್‌ಗಳಲ್ಲಿ ತೀರ್ಮಾನಕ್ಕೆ ಬರಲಾಗದ ವಯಸ್ಕ ಮಹಿಳೆಯರಿಗೆ ಮಾತ್ರ, ಮೂರನೇ ಮೆಟ್ಟಿಲಾಗಿ ಬಳಸಬೇಕು ಎಂದು ಮಿತಿ ಹಾಕಿತು. 2025ರ ಫೆಬ್ರವರಿಯಿಂದ ಆಯ್ದ ಆಸ್ಪತ್ರೆಗಳಲ್ಲಿ 25,000 ಮಹಿಳೆಯರಿಗೆ ಸರ್ಕಾರದ ವೆಚ್ಚದಲ್ಲಿ ಪರೀಕ್ಷೆ ಮಾಡುತ್ತ, ಅದರಿಂದ ಲ್ಯಾಪರೊಸ್ಕೋಪಿ ಕಡಿಮೆಯಾಗುತ್ತದೆಯೇ, ಚಿಕಿತ್ಸೆ ಬದಲಾಗುತ್ತದೆಯೇ ಎಂದು ನೋಡುವ ವ್ಯವಸ್ಥೆ ಶುರುವಾಯಿತು. ಈ ಕೊನೆಯ ಪ್ರಶ್ನೆ ಮುಖ್ಯ. ಕಾಯಿಲೆಯ ಅನುಮಾನ ಬಲವಾಗಿದ್ದರೆ ಸಾಕ್ಷಿಗೆ ಕಾಯದೆ ಹಾರ್ಮೋನ್ ಚಿಕಿತ್ಸೆ ಶುರುಮಾಡಬಹುದು ಎಂದು ಇಂದಿನ ಮಾರ್ಗಸೂಚಿಗಳೇ ಹೇಳುತ್ತವೆ. ಹಾಗೆ ಮಾಡುವ ವೈದ್ಯರಿರುವಲ್ಲಿ ಪರೀಕ್ಷೆಯಿಂದ ಹೊಸದಾಗಿ ಸಿಗುವುದೇನು ಎಂದು ಕೇಳಬಹುದು. ಮಗು ಬೇಕೆಂದಿರುವುದರಿಂದ ಹಾರ್ಮೋನ್ ತೆಗೆದುಕೊಳ್ಳಲಾಗದವಳು, ಮಾತ್ರೆಯಿಂದ ನೋವು ತಗ್ಗದವಳು, ತನ್ನ ನೋವಿಗೆ ಹೆಸರು ಬೇಕೆಂದು ವರ್ಷಗಳಿಂದ ಅಲೆಯುತ್ತಿರುವವಳು: ಇವರಿಗೆ ಸಿಗುವುದು ಬಹಳವಿದೆ.

ಇನ್ನೊಂದು ದಾರಿ ಎಲ್ಲರ ಕಣ್ಣೆದುರೇ ಇದ್ದರೂ ತಡವಾಗಿ ತೆರೆದದ್ದು: ಮುಟ್ಟಿನ ರಕ್ತ. ಸ್ಯಾಂಪ್ಸನ್ ವಾದದ ಪ್ರಕಾರ ಕಾಯಿಲೆಯ ಬೀಜವೇ ಅಲ್ಲಿದೆ. ಆದರೂ ಪ್ರಯೋಗಾಲಯಗಳು ಅದನ್ನು ಬಹುಕಾಲ ಮುಟ್ಟಲಿಲ್ಲ. ನ್ಯೂಯಾರ್ಕಿನ ಫೈನ್‌ಸ್ಟೈನ್ ಸಂಸ್ಥೆಯಲ್ಲಿ ಪೀಟರ್ ಗ್ರೆಗರ್ಸನ್ ಮತ್ತು ಕ್ರಿಸ್ಟೀನ್ ಮೆಟ್ಜ್ ನಡೆಸುತ್ತಿರುವ ‘ರೋಸ್’ ಅಧ್ಯಯನ, ಮಹಿಳೆಯರು ಮನೆಯಲ್ಲೇ ಸಂಗ್ರಹಿಸಿ ಕಳಿಸುವ ಮುಟ್ಟಿನ ಸ್ರಾವದ ಜೀವಕೋಶಗಳನ್ನು ಒಂದೊಂದಾಗಿ ಓದುತ್ತದೆ. ಗರ್ಭಕ್ಕೆ ಅಣಿಯಾಗುವ ಪದರದ ಕೋಶಗಳು ಈ ಕಾಯಿಲೆಯಿರುವವರಲ್ಲಿ ಸರಿಯಾಗಿ ಪಕ್ವವಾಗುವುದಿಲ್ಲ, ಗರ್ಭಕೋಶದ ಒಂದು ಬಗೆಯ ರಕ್ಷಕ ಕೋಶಗಳು ಕಡಿಮೆಯಿರುತ್ತವೆ ಎಂಬ ಸುಳಿವು 2022ರಲ್ಲಿ ಪ್ರಕಟವಾದ ಅವರ ವರದಿಯಲ್ಲಿದೆ. ಭಾರತೀಯ ಮೂಲದ ರಿಧಿ ತರಿಯಾಲ್ ಅಮೆರಿಕದಲ್ಲಿ ಕಟ್ಟಿದ ಕಂಪನಿಯೂ ಟ್ಯಾಂಪೂನ್‌ನಲ್ಲಿ ಸಿಗುವ ರಕ್ತದಿಂದ ಇದೇ ಕೆಲಸಕ್ಕೆ ಹೊರಟಿದೆ. ನಮ್ಮಲ್ಲಿ ಇದಕ್ಕೆ ಮುಜುಗರವೇ ಅಡ್ಡಿಯಾಗುತ್ತದೆ ಎಂದು ಊಹಿಸುವ ಮುನ್ನ, ಸರ್ಕಾರದ ‘ಶುಚಿ – ನನ್ನ ಮೈತ್ರಿ’ ಯೋಜನೆಯಲ್ಲಿ ದಕ್ಷಿಣ ಕನ್ನಡ, ಚಾಮರಾಜನಗರದ ವಿದ್ಯಾರ್ಥಿನಿಯರಿಗೆ ಮುಟ್ಟಿನ ಕಪ್ ಹಂಚಿದ್ದನ್ನು ನೆನೆಯಬಹುದು. ಕಪ್ ಬಳಸಲು ಕಲಿತವಳಿಗೆ ಮಾದರಿ ಕೊಡುವುದು ಕಷ್ಟವಲ್ಲ.

ಜೀನ್‌ಗಳ ಕಡೆಯಿಂದಲೂ ಕೆಲಸ ದೊಡ್ಡದಾಗಿ ನಡೆದಿದೆ. ಅವಳಿಗಳ ಅಧ್ಯಯನದಂತೆ ಈ ಕಾಯಿಲೆಯ ಸಾಧ್ಯತೆಯಲ್ಲಿ ಸುಮಾರು ಅರ್ಧದಷ್ಟು ಆನುವಂಶಿಕ. ಆಕ್ಸ್‌ಫರ್ಡಿನ ಕ್ರೀನಾ ಝೊಂಡರ್ವಾನ್ ಮುಂದಾಳತ್ವದಲ್ಲಿ 2023ರಲ್ಲಿ ಪ್ರಕಟವಾದ ಅಧ್ಯಯನ 60,674 ರೋಗಿಗಳ ಮತ್ತು ಏಳು ಲಕ್ಷಕ್ಕೂ ಹೆಚ್ಚು ಇತರರ ಡಿಎನ್‌ಎ ಹೋಲಿಸಿ, ವರ್ಣತಂತುಗಳ ಮೇಲೆ ಕಾಯಿಲೆಗೆ ನಂಟಿರುವ 42 ಜಾಗಗಳನ್ನು ಗುರುತಿಸಿತು. ಮೈಗ್ರೇನ್, ಬೆನ್ನುನೋವಿನಂಥ ದೀರ್ಘಕಾಲದ ನೋವುಗಳೊಂದಿಗೆ ಕೆಲವು ಜಾಗಗಳು ಸಮಾನವಾಗಿವೆ ಎಂಬುದು ಅದರ ಅತ್ಯಂತ ಕುತೂಹಲದ ಭಾಗ. ಇವು ಪ್ರವೃತ್ತಿಯನ್ನು ಹೇಳುತ್ತವೆಯೇ ಹೊರತು ಈ ಹೊತ್ತಿನಲ್ಲಿ ಕಾಯಿಲೆ ಇದೆಯೇ ಎಂಬುದನ್ನಲ್ಲ. ರೋಗನಿರ್ಣಯಕ್ಕೆ ಒಂಟಿಯಾಗಿ ಸಾಲವು.

ಆ ಬೃಹತ್ ಅಧ್ಯಯನದಲ್ಲಿದ್ದವರು ಯುರೋಪ್ ಮತ್ತು ಪೂರ್ವ ಏಷ್ಯಾ ಮೂಲದವರು. ಎಂಜಲಿನ ಪರೀಕ್ಷೆಯನ್ನು ಕಟ್ಟಿದ್ದು ಫ್ರಾನ್ಸಿನ ಆಸ್ಪತ್ರೆಗಳಿಗೆ ಬಂದವರ ಮೇಲೆ. ಭಾರತದ ಹೆಣ್ಣುಮಕ್ಕಳು ಈ ಲೆಕ್ಕದಲ್ಲಿ ಇಲ್ಲವೆಂಬಷ್ಟು ಕಡಿಮೆ. ಇಲ್ಲಿ ವಿಜ್ಞಾನಿಗಳಿಲ್ಲವೆಂದೇನಲ್ಲ. ಮುಂಬೈಯ ರಾಷ್ಟ್ರೀಯ ಸಂತಾನಾರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ ರಾಹುಲ್ ಗಜಭಿಯೆ ಮತ್ತು ಸಹೋದ್ಯೋಗಿಗಳು 2012ರಲ್ಲೇ ಟ್ರೊಪೊಮಾಡ್ಯುಲಿನ್, ಟ್ರೊಪೊಮಯೋಸಿನ್ ಮುಂತಾದ ಸ್ವಂತ ಪ್ರೋಟೀನ್‌ಗಳ ವಿರುದ್ಧ ರೋಗಿಗಳ ದೇಹ ತಯಾರಿಸುವ ಪ್ರತಿಕಾಯಗಳನ್ನು ಗುರುತಿಸಿ, ಆರಂಭದ ಹಂತದಲ್ಲಿ ಅವು ಸಿಎ-125ಗಿಂತ ಮೇಲೆಂದು ತೋರಿಸಿದ್ದರು. ಸ್ಕ್ಯಾನಿಂಗ್‌ಗೆ ಸಿಗದ ಹಂತವನ್ನೇ ಗುರಿಯಾಗಿಟ್ಟ ಆ ಕೆಲಸ ಬೇರೆ ದೇಶಗಳ ದೊಡ್ಡ ಗುಂಪುಗಳಲ್ಲಿ ಮತ್ತೆ ಪರೀಕ್ಷೆಗೊಳಗಾಗಬೇಕಿತ್ತು. ಅದೇ ಸಂಸ್ಥೆ ಈಗ ಆಕ್ಸ್‌ಫರ್ಡಿನೊಂದಿಗೆ ಸೇರಿ, ದೇಶದ ಹಲವು ಆಸ್ಪತ್ರೆಗಳಿಂದ ಭಾರತೀಯ ರೋಗಿಗಳ ಲಕ್ಷಣಗಳನ್ನೂ ಡಿಎನ್‌ಎಯನ್ನೂ ಅಂತರರಾಷ್ಟ್ರೀಯ ನಿಯಮಾವಳಿಯಂತೆ ಕಲೆಹಾಕುವ ಅಧ್ಯಯನಕ್ಕೆ ಕೈಹಾಕಿದೆ. ಫ್ರಾನ್ಸಿನಿಂದಲೋ ಪರ್ತ್‌ನಿಂದಲೋ ಪರೀಕ್ಷೆಯ ಕಿಟ್ ಬೆಂಗಳೂರಿನ ಲ್ಯಾಬಿಗೆ ಬಂದಿಳಿಯುವ ಮುನ್ನ ಅದನ್ನು ಇಂಥ ಮಾದರಿಗಳ ಮೇಲೆ ಒರೆಗೆ ಹಚ್ಚಬೇಕು. ಹೋಲಿಕೆಯ ಗುಂಪಿನಲ್ಲಿ ಆರೋಗ್ಯವಂತರು ಸಾಲದು. ಕಿಬ್ಬೊಟ್ಟೆಯ ಸೋಂಕಿರುವವರು, ಫೈಬ್ರಾಯ್ಡ್ ಇರುವವರು, ಜನನಾಂಗದ ಟಿಬಿಗೆ ಚಿಕಿತ್ಸೆ ಪಡೆಯುತ್ತಿರುವವರು ಅಲ್ಲಿರಬೇಕು, ಸ್ಕ್ಯಾನಿಂಗ್ ನಾರ್ಮಲ್ ಬಂದ ಹದಿಹರೆಯದವರೂ ಇರಬೇಕು.